ಕಾದಂಬರಿ ಓದಿ, ಸಿನಿಮಾ ನೋಡಿ, ಅನ್ನಿಸಿದ್ದನ್ನು ಬರೆಯೋದು ಹೇಗೆ: ಒಬ್ಬ ತೋಟದ ರೈಟರ್ ಕಂಡುಕೊಂಡ ದಾರಿ

ಮೊದಲೇ ಹೇಳಿಬಿಡುತ್ತೇನೆ, ನಾನು ರೈಟರ್. ಕತೆ ಬರೆಯುವ ರೈಟರ್ ಅಲ್ಲ, ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ಚೆಕ್‌ರೋಲ್ ಬರೆಯುವ ರೈಟರ್. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳೋದಾದರೆ, ಬೆಳಿಗ್ಗೆ ಆಳುಗಳ ಹಾಜರಿ ಹಾಕಿ, ಯಾರು ಎಷ್ಟು ಕೆ.ಜಿ. ಹಣ್ಣು ಕೊಯ್ದರು ಅಂತ ಬರೆದು, ರಾತ್ರಿ ಎಷ್ಟು ಇಂಚು ಮಳೆ ಬಿತ್ತು ಅಂತ ಅಳೆದು ಪುಸ್ತಕಕ್ಕೆ ಏರಿಸುವವನು.

ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಕರೆಂಟು ನೆಂಟರ ಹಾಗೆ, ಬಂದರೆ ಬಂತು. ಎಲ್ಲೋ ಒಂದು ಸಿಲ್ವರ್ ಓಕ್ ಮರ ತಂತಿ ಮೇಲೆ ಬಿತ್ತು ಅಂದರೆ ನಾಲ್ಕು ದಿನ ಕತ್ತಲೆ. ಆಗ ಕಾದಂಬರಿ. ಕರೆಂಟು ಬಂದ ದಿನ ಸಿನಿಮಾ. ಓದೋದು, ಕಾಯೋದು, ಆಮೇಲೆ ನೋಡೋದು, ಇದು ನನಗೆ ಹೀಗೆ ಸುಮ್ನೆ ಅಭ್ಯಾಸ ಆಗಿದ್ದು. ಹಳೆಯ ಚೆಕ್‌ರೋಲ್ ಪುಸ್ತಕದ ಹಿಂದೆ ಉಳಿದ ಖಾಲಿ ಹಾಳೆಗಳಲ್ಲಿ ಅನ್ನಿಸಿದ್ದನ್ನು ಗೀಚುತ್ತಾ ಬಂದೆ. ಮೊನ್ನೆ ಅಕ್ಕನ ಮಗಳು ಕಾಲೇಜಿಗೆ ಇಂಥದ್ದೇ ಒಂದು ಬರಹ ಕೊಡಬೇಕಾಗಿ ಬಂದು, "ಮಾವ, ನೀವು ಬರೀತಿರ್ತೀರಲ್ಲ, ಹೇಗೆ ಅಂತ ಹೇಳಿ" ಅಂದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಜಾಸ್ತಿ ಬಿಡಿಸಿ ಹೇಳುತ್ತಿದ್ದೇನೆ.

ಅವಳು ಬರೆದು ತಂದಿದ್ದ ಮೊದಲ ಸಾಲು, "ಕಾದಂಬರಿಯಷ್ಟು ಸಿನಿಮಾ ಚೆನ್ನಾಗಿಲ್ಲ." ಎಲ್ಲರೂ ಹೀಗೇ ಶುರು ಮಾಡೋದು, ನಾನೂ ಮಾಡಿದ್ದೇನೆ. ಆದರೆ ಇದು ಅನಿಸಿಕೆ ಅಲ್ಲ. ದಾರಿಯಲ್ಲಿ ಸಿಕ್ಕವರು "ಚೆನ್ನಾಗಿದ್ದೀರಾ" ಅಂದರೆ "ಹ್ಞೂಂ, ಚೆನ್ನಾಗಿದ್ದೀವಿ" ಅನ್ನುತ್ತೇವಲ್ಲ, ಅಷ್ಟೇ ಬೆಲೆ ಅದಕ್ಕೆ. ನಿಜವಾದ ಅನಿಸಿಕೆ ಬೇಕಾದರೆ ಲೆಕ್ಕ ತಾಳೆಯಾಗದ ಜಾಗ ಹುಡುಕಬೇಕು. ನೀವು ಓದುವಾಗ ಕಟ್ಟಿಕೊಂಡಿದ್ದು ಒಂದು, ಪರದೆ ಮೇಲೆ ಬಂದದ್ದು ಇನ್ನೊಂದು. ಎರಡನ್ನೂ ಕೂಡಿಸಿದಾಗ ಎಲ್ಲೋ ಒಂದು ಕಡೆ ಹತ್ತು ರೂಪಾಯಿ ಕಡಿಮೆ ಬರುತ್ತದೆ. ಆ ಹತ್ತು ರೂಪಾಯಿ ಎಲ್ಲಿ ಹೋಯಿತು ಅಂತ ಹುಡುಕೋದೇ ಕೆಲಸ.

ಶುರುವಿಗೆ ಚಿಕ್ಕದನ್ನೇ ಆರಿಸಿಕೊಳ್ಳಿ. ಆರುನೂರು ಪುಟದ ಕಾದಂಬರಿ ಹಿಡಿದರೆ ಸಿನಿಮಾ ನೋಡೋ ಹೊತ್ತಿಗೆ ಮೊದಲ ನೂರು ಪುಟ ಮರೆತಿರುತ್ತದೆ. ಪೂರ್ಣಚಂದ್ರ ತೇಜಸ್ವಿಯವರ 'ತಬರನ ಕಥೆ' ಒಂದೇ ಸಲ ಕೂತು ಓದಿ ಮುಗಿಸಬಹುದು, ಗಿರೀಶ್ ಕಾಸರವಳ್ಳಿ ಅದನ್ನು 1986ರಲ್ಲಿ ಸಿನಿಮಾ ಮಾಡಿದರು. ಸಣ್ಣ ಕತೆ ದೊಡ್ಡದಾಗಿ ಬೆಳೆದದ್ದು ಅದು. ಉಲ್ಟಾ ಬೇಕಾದರೆ 'ನಾಗರಹಾವು' ಇದೆ. ತ.ರಾ.ಸು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಅನ್ನುವ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲ್ 1972ರಲ್ಲಿ ಒಂದೇ ಸಿನಿಮಾಕ್ಕೆ ಇಳಿಸಿದರು. ಮೂರು ಚೀಲದ ಕಾಫಿಯನ್ನು ಒಂದೇ ಚೀಲಕ್ಕೆ ತುಂಬಿದರೆ ಏನಾದರೂ ಹೊರಗೆ ಚೆಲ್ಲಲೇಬೇಕು, ಅಲ್ವಾ? ಏನು ಚೆಲ್ಲಿತು ಅಂತ ಪಟ್ಟಿ ಮಾಡೋದು ಸುಲಭ. ಚೆಲ್ಲಿದ್ದರಲ್ಲಿ ನಿಮಗೆ ಬೇಕಾಗಿದ್ದು ಯಾವುದು ಅನ್ನೋದು ಕಷ್ಟದ ಪ್ರಶ್ನೆ.

ಓದಿ ಮುಗಿದ ಕೂಡಲೇ, ಸಿನಿಮಾ ನೋಡೋಕೆ ಮೊದಲು, ಬರೆದಿಡಿ. ಇದೊಂದನ್ನು ಬಿಟ್ಟರೆ ಮುಂದಿನದೆಲ್ಲ ದಂಡ. ರೈನ್‌ಗೇಜ್ ನೋಡುವವರಿಗೆ ಇದು ಬೇಗ ತಲೆಗೆ ಹೋಗುತ್ತದೆ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಅಳೆದು ಚೆಲ್ಲಬೇಕು. ಒಂದು ದಿನ ಸೋಮಾರಿತನ ಮಾಡಿದರೆ ಎರಡು ದಿನದ ಮಳೆ ಒಂದೇ ಡಬ್ಬಿಯಲ್ಲಿ ಕೂಡಿಕೊಂಡಿರುತ್ತದೆ, ಸೋಮವಾರದ್ದು ಎಷ್ಟು ಮಂಗಳವಾರದ್ದು ಎಷ್ಟು ಅಂತ ದೇವರಿಗೂ ಗೊತ್ತಾಗಲ್ಲ. ಪುಸ್ತಕದ ಮಳೆ, ಸಿನಿಮಾದ ಮಳೆಯೂ ಹಾಗೇ. ನೋಡಿದ ಮೇಲೆ ಬರೆದರೆ, ನಾನು ಓದುವಾಗಲೇ ಹಾಗಂದುಕೊಂಡಿದ್ದೆ ಅಂತ ಮನಸ್ಸು ಸುಳ್ಳು ಹೇಳುತ್ತದೆ.

ಜಾಸ್ತಿ ಬರೆಯಬೇಕಾಗಿಲ್ಲ, ಅರ್ಧ ಪುಟ ಸಾಕು. ಮುಖ್ಯ ಪಾತ್ರ ನೋಡೋಕೆ ಹೇಗಿದೆ? ಲೇಖಕರು ಹೇಳಿದ್ದಲ್ಲ, ನಿಮ್ಮ ತಲೆಯಲ್ಲಿ ಹೇಗಿದೆ ಅಂತ. ನಮ್ಮೂರಿನ ಯಾರ ಹಾಗೋ ಇದ್ದರೆ ಅದನ್ನೂ ಬರೆಯಿರಿ, ನಿಮ್ಮ ಪುಸ್ತಕ ತಾನೇ, ಯಾರು ನೋಡುತ್ತಾರೆ. ಮನೆ ಯಾವುದು, ಅಡುಗೆಮನೆ ಯಾವ ಕಡೆ ಇತ್ತು? ಎಲ್ಲಿ ಪುಸ್ತಕ ಮಡಚಿಟ್ಟು ಹೊರಗೆ ನೋಡಿದಿರಿ? ಯಾವುದನ್ನು ಸಿನಿಮಾದಲ್ಲಿ ತೋರಿಸೋಕೆ ಆಗಲ್ಲ ಅಂತ ಅನ್ನಿಸಿತು? ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' ಓದಿದಾಗ ನಾನು ಬರೆದಿದ್ದು ಒಂದೇ ಸಾಲು, "ಈ ಮನುಷ್ಯ ಬರೀ ಯೋಚನೆ ಮಾಡುತ್ತಾನೆ, ಯೋಚನೆಯನ್ನು ಏನಂತ ಫೋಟೋ ಹೊಡೆಯುತ್ತಾರೆ?" ಆಮೇಲೆ 1970ರ ಸಿನಿಮಾ ನೋಡುವಾಗ, ಪಟ್ಟಾಭಿರಾಮ ರೆಡ್ಡಿಯವರದ್ದು, ಪ್ರಾಣೇಶಾಚಾರ್ಯರಾಗಿ ಗಿರೀಶ್ ಕಾರ್ನಾಡ್ ಇದ್ದಾರೆ, ನನ್ನ ಕಣ್ಣು ಪೂರ್ತಿ ಆ ಪ್ರಶ್ನೆಯ ಬೆನ್ನು ಹತ್ತಿತ್ತು. ಮೊದಲೇ ಬರೆದಿರದಿದ್ದರೆ ಕತೆಯ ಹಿಂದೆ ಓಡುತ್ತಿದ್ದೆ.

ಇನ್ನು, ಸಿನಿಮಾನೇ ಮೊದಲು ನೋಡಿಬಿಟ್ಟಿದ್ದರೆ? ನಮ್ಮಲ್ಲಿ ಮುಕ್ಕಾಲು ಮಂದಿಯ ಪಾಡು ಅದೇ. ರಾಮಾಚಾರಿ ಅಂದರೆ ವಿಷ್ಣುವರ್ಧನ್, ಚಾಮಯ್ಯ ಮೇಷ್ಟ್ರು ಅಂದರೆ ಅಶ್ವತ್ಥ್, ಮುಗೀತು. ಆಗ ಬೇರೆ ಉಪಾಯ. ಆ ಮುಖ ಇಟ್ಟುಕೊಂಡೇ ಓದಿ, ಓಡಿಸೋಕೆ ಹೋಗಬೇಡಿ. ಯಾವ ಪುಟದಲ್ಲಿ ಆ ಮುಖ ಹೊಂದಿಕೊಳ್ಳದೆ ಕಳಚಿ ಬೀಳುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ತ.ರಾ.ಸು. ಅವರಿಗೇ ಈ ಸಿನಿಮಾ ಸಮಾಧಾನ ಕೊಟ್ಟಿರಲಿಲ್ಲ, ನಾಗರಹಾವನ್ನು ಕೇರೆಹಾವು ಮಾಡಿದ್ದಾರೆ ಅಂದಿದ್ದರು ಅನ್ನೋ ಮಾತು ಇವತ್ತಿಗೂ ಓಡಾಡುತ್ತದೆ. ಜನ ಮಾತ್ರ ಆ ಸಿನಿಮಾವನ್ನು ತಲೆ ಮೇಲೆ ಹೊತ್ತರು. ಲೇಖಕರು ಬೇಸರ ಮಾಡಿಕೊಂಡರು ಅಂತ ನೀವೂ ಮಾಡಿಕೊಳ್ಳಬೇಕಾಗಿಲ್ಲ, ಜನ ಮೆಚ್ಚಿದರು ಅಂತ ಮೆಚ್ಚಬೇಕಾಗೂ ಇಲ್ಲ. ನಮ್ಮ ಕಡೆ ಮಾದಾಪುರದಲ್ಲಿ ಆರು ಇಂಚು ಮಳೆ ಬಿದ್ದರೆ ಕುಶಾಲನಗರದಲ್ಲಿ ಬಿಸಿಲಿರುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ನೋಡುವಾಗ ಕೈಯಲ್ಲಿ ಪುಸ್ತಕ ಬೇಡ. ಅಲ್ಲಲ್ಲಿ ನಿಲ್ಲಿಸಿ ಪುಟ ತಿರುವಿ ನೋಡುವವರಿದ್ದಾರೆ, ಅದು ಆಡಿಟ್ ಆಯಿತು. ಪೂರ್ತಿ ನೋಡಿ. ಮೈ ಏನಾದರೂ ಹೇಳಿದ ಕಡೆ ಮಾತ್ರ, ಸಿಟ್ಟು ಬಂತು, ನಗು ಬಂತು, ಎದ್ದು ನೀರು ಕುಡಿಯೋಣ ಅನ್ನಿಸಿತು, ಅಂಥ ಕಡೆ ಒಂದು ಶಬ್ದ ಗೀಚಿಕೊಳ್ಳಿ.

ನನಗೆ 'ಚೋಮನ ದುಡಿ' ನೋಡುವಾಗ ಹೀಗಾಗಿತ್ತು. ಶಿವರಾಮ ಕಾರಂತರ ಕಾದಂಬರಿ 1933ರದ್ದು, ಬಿ.ವಿ. ಕಾರಂತರು ಸಿನಿಮಾ ಮಾಡಿದ್ದು 1975ರಲ್ಲಿ, ಉಳೋಕೆ ತುಂಡು ಭೂಮಿ ಸಿಗದೆ, ದುಃಖಕ್ಕೆ ದುಡಿ ಬಾರಿಸುವ ಜೀತದಾಳು ಚೋಮನಾಗಿ ವಾಸುದೇವ ರಾವ್, ಅವರಿಗೆ ರಾಷ್ಟ್ರಪ್ರಶಸ್ತಿ ಬಂದ ಪಾತ್ರ. ಓದುವಾಗ ದುಡಿ ಅಂದ ಕೂಡಲೇ ನನ್ನ ಕಿವಿಯಲ್ಲಿ ಬಾರಿಸಿದ್ದು ಪುತ್ತರಿಯ, ಅಂದರೆ ನಮ್ಮ ಸುಗ್ಗಿ ಹಬ್ಬದ ದುಡಿ. ನಮ್ಮ ಕಡೆ ದುಡಿ ಅಂದರೆ ಹಬ್ಬದ ಸದ್ದು, ಹೊಸ ಕದಿರಿನ ಸದ್ದು, ಹಾಡುವವರು ಬಂದರು ಅಂತ ಮಕ್ಕಳೆಲ್ಲ ಅಂಗಳಕ್ಕೆ ಓಡೋ ಸದ್ದು. ಪುಸ್ತಕ ಪೂರ್ತಿ ಆ ಸದ್ದಿನಲ್ಲೇ ಓದಿದ್ದೆ, ಹಾಗಾಗಿ ಚೋಮನ ಮೇಲೆ ನನಗೆ ಒಂಥರಾ ಧೈರ್ಯ ಇತ್ತು, ಇವನಿಗೆ ಏನಾದರೂ ದಾರಿ ಆಗುತ್ತದೆ ಅಂತ. ಪರದೆ ಮೇಲೆ ಆ ದುಡಿ ಕೇಳಿದಾಗ ಹೊಟ್ಟೆ ತೊಳಸಿದ ಹಾಗಾಯಿತು. ನನ್ನ ಹಬ್ಬದ ಸದ್ದನ್ನು ಯಾರೋ ಕೈಯಿಂದ ಕಿತ್ತುಕೊಂಡ ಹಾಗೆ. ಇದು ಸಿನಿಮಾದ ತಪ್ಪಾ? ಅಲ್ಲ. ಪುಸ್ತಕದ ತಪ್ಪೂ ಅಲ್ಲ. ಕಾಗದದ ಮೇಲಿನ ದುಡಿಗೆ ಸದ್ದಿಲ್ಲ, ಓದುವವನೇ ತುಂಬಬೇಕು, ನಾನು ತುಂಬಿದ್ದು ಕೊಡಗಿನ ಸದ್ದು. ಅವತ್ತು ಚೀಟಿಯಲ್ಲಿ ಬರೆದಿದ್ದು "ದುಡಿ" ಅಂತ ಒಂದೇ ಶಬ್ದ. ಆಮೇಲೆ ಅದರಿಂದ ಎರಡು ಪುಟ ಬಂತು.

ನೋಡಿ ಆದ ಮೇಲೆ ಎಲ್ಲರೂ ಮಾಡೋ ಕೆಲಸ ಪಟ್ಟಿ. ಇದನ್ನು ಬಿಟ್ಟರು, ಅದನ್ನು ಸೇರಿಸಿದರು, ಇಲ್ಲಿ ಬದಲಾಯಿಸಿದರು. ಮಾಡಿ, ಆದರೆ ಅಲ್ಲೇ ನಿಲ್ಲಬೇಡಿ. ಬಿಟ್ಟಿದ್ದಕ್ಕಿಂತ ಸೇರಿಸಿದ್ದರ ಮೇಲೆ ಕಣ್ಣಿಡಿ ಅಂತ ನನ್ನ ಸಲಹೆ. ಸಮಯ ಸಾಲದೆ ಬಿಡುತ್ತಾರೆ, ದುಡ್ಡು ಸಾಲದೆ ಬಿಡುತ್ತಾರೆ, ಸೇರಿಸೋದು ಮಾತ್ರ ಯಾರೋ ಬೇಕು ಅಂತಲೇ ಮಾಡಿದ್ದು. ಹಾಡುಗಳನ್ನು ನೋಡಿ. ತ್ರಿವೇಣಿಯವರ 'ಬೆಳ್ಳಿಮೋಡ'ವನ್ನು ಪುಟ್ಟಣ್ಣ 1967ರಲ್ಲಿ ಸಿನಿಮಾ ಮಾಡಿದಾಗ ಬೇಂದ್ರೆಯವರ 'ಬೆಳಗು' ಕವನವನ್ನು ಹಾಡಾಗಿ ಹಾಕಿದರು. ಕಾದಂಬರಿ ಒಬ್ಬರದ್ದು, ಕವನ ಇನ್ನೊಬ್ಬರದ್ದು, ಈಗ ಇಬ್ಬರನ್ನೂ ಬೇರೆ ಮಾಡೋಕೆ ಆಗದ ಹಾಗೆ ಬೆಸೆದುಕೊಂಡಿದ್ದಾರೆ. ತ್ರಿವೇಣಿಯವರದ್ದೇ 'ಶರಪಂಜರ' ಓದಲು ಕೂತರೆ ನನಗೆ ಪುಟಪುಟದಲ್ಲೂ 'ಕೊಡಗಿನ ಕಾವೇರಿ' ಹಾಡು ಕೇಳುತ್ತದೆ. ಊರಿನ ಮದುವೆಗಳಲ್ಲಿ ಆ ಹಾಡು ಹಾಕುತ್ತಾರೆ. ಕತೆಯ ನಾಯಕಿ ಆ ಕಾವೇರಿಯ ಗತಿ ಕೊನೆಗೆ ಏನಾಯಿತು ಅಂತ ಗೊತ್ತಿದ್ದವರು ಮದುವೆಯಲ್ಲಿ ಹಾಕುತ್ತಿದ್ದರಾ ಅಂತ ನನಗೆ ಅನುಮಾನ. ಇದೂ ಒಂದು ಅನಿಸಿಕೆಯೇ, ಬರೆದಿಡಬಹುದು.

ನಿಮ್ಮದೇ ಊರು, ನಿಮ್ಮದೇ ಕಸುಬು ಸಿನಿಮಾದಲ್ಲಿ ಬಂದರೆ ಸ್ವಲ್ಪ ಹುಷಾರು. ಭಾರತೀಸುತರ 'ಹುಲಿಯ ಹಾಲಿನ ಮೇವು' ಕೊಡಗಿನ ಹಿನ್ನೆಲೆಯ ಕತೆ, 1979ರಲ್ಲಿ ಅದು ಸಿನಿಮಾ ಆದಾಗ ರಾಜ್‌ಕುಮಾರ್ ಅದರಲ್ಲಿ ಮಾಡಿದರು. ನಮ್ಮ ನೆಂಟರಲ್ಲಿ ಒಬ್ಬರು ಮಾವ ಇದ್ದಾರೆ, ಪರದೆ ಮೇಲೆ ಕೊಡವರ ಕುಪ್ಯ ಅಂಗಿ ಕಂಡರೆ ಸಾಕು, ಕತೆ ಬಿಟ್ಟು ಸೊಂಟದ ಚೇಲೆ ಹೇಗೆ ಸುತ್ತಿದ್ದಾರೆ, ಅದಕ್ಕೆ ಪೀಚೆಕತ್ತಿ ಎಲ್ಲಿ ಸಿಕ್ಕಿಸಿದ್ದಾರೆ ಅಂತ ತಪಾಸಣೆ ಶುರು ಮಾಡುತ್ತಾರೆ. ನಾನೂ ಕಡಿಮೆಯಿಲ್ಲ. 'ಬೆಳ್ಳಿಮೋಡ'ದಲ್ಲಿ ಕಾಫಿ ತೋಟ ಬರುತ್ತದಲ್ಲ, ನಾಯಕಿಯ ಮನಸ್ಸು ಒಡೆದುಹೋಗೋ ಹೊತ್ತಲ್ಲೂ ನಾನು ಹಿಂದಿನ ಗಿಡ ನೋಡುತ್ತಾ ಇದು ಅರೇಬಿಕಾನೋ ರೋಬಸ್ಟಾನೋ ಅಂತ ಯೋಚಿಸುತ್ತಿದ್ದೆ. ಇಂಥ ತಕರಾರುಗಳನ್ನು ಒಂದು ಬದಿಗೆ ಬೇರೆ ಬರೆಯಿರಿ, ಹೊಟ್ಟೆ ತಣ್ಣಗಾಗುವವರೆಗೆ ಬರೆಯಿರಿ, ಆಮೇಲೆ ಆ ಹಾಳೆ ಮಡಚಿ ಕತೆಗೆ ವಾಪಸು ಬನ್ನಿ. 'ಬೆಳ್ಳಿಮೋಡ'ದಲ್ಲಿ ತೋಟದ ವಾರಸಿಗೆ ಗಂಡುಮಗು ಹುಟ್ಟಿತು ಅಂತ ಗೊತ್ತಾದ ಮೇಲೆ ಮದುವೆಯಾಗಬೇಕಿದ್ದವನ ಪ್ರೀತಿ ತಣ್ಣಗಾಗುತ್ತದೆ, ಅದೇ ಅವನು ಮತ್ತೆ ಬಂದು ಕೈ ಚಾಚಿದಾಗ ಅವಳು ಬೇಡ ಅನ್ನುತ್ತಾಳೆ. ಆಸ್ತಿ ಪಾಲಿನ ಜಗಳ ನೋಡಿದ ಯಾವ ಕಾಫಿ ನಾಡಿನವರಿಗೂ ಇದರ ಬಗ್ಗೆ ಹೇಳೋಕೆ ಮಾತಿರುತ್ತದೆ, ಅರೇಬಿಕಾ ಬಿಟ್ಟು.

ಈಗ ತಬರನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಬರೆಯೋ ಕೆಲಸ ನನಗೆ ಅರ್ಥ ಆಗಿದ್ದು ಅಲ್ಲಿಂದ. ಕಾಫಿ ಬೆಳೆಗಾರರಿಂದ ಕಂದಾಯ ವಸೂಲಿ ಮಾಡೋ ಕೆಲಸ ತಬರನ ಪಾಲಿಗೆ ಬರುತ್ತದೆ. ದುಡ್ಡು ಬರಲ್ಲ, ಲೆಕ್ಕ ಅವನ ತಲೆಗೆ ಬರುತ್ತದೆ. ನಿವೃತ್ತಿ ಆದ ಮೇಲೆ ಪಿಂಚಣಿಗಾಗಿ ಅಲೆದಾಟ, ಮನೆಯಲ್ಲಿ ಹೆಂಡತಿಯ ಕಾಲು ಕೊಳೆಯುತ್ತಿದೆ. ತಬರನ ಪಾತ್ರ ಚಾರುಹಾಸನ್ ಮಾಡಿದ್ದಾರೆ. ನಾನು ಮೊದಲು ಬರೆದಿದ್ದು ಹೀಗೆ: "ತಬರನ ಪಾತ್ರ ಮನಕಲಕುತ್ತದೆ. ವ್ಯವಸ್ಥೆಯ ಕ್ರೌರ್ಯ ಎದ್ದು ಕಾಣುತ್ತದೆ." ಓದಿ ನೋಡಿದರೆ ನಾನು ಬರೆದ ಹಾಗೇ ಇಲ್ಲ. ಯಾವುದೋ ಪುಸ್ತಕದ ಹಿಂದಿನ ರಟ್ಟಿನ ಮೇಲಿಂದ ಎತ್ತಿದ ಹಾಗಿದೆ. ಸಿನಿಮಾ ನೋಡುವಾಗ ಗೀಚಿದ ಚೀಟಿ ತೆಗೆದೆ. ಅದರಲ್ಲಿ ಇದ್ದಿದ್ದು, "ಸಿಟ್ಟು. ತಬರನ ಮೇಲೆ."

ತಬರನ ಮೇಲೆ ಯಾಕೆ ಸಿಟ್ಟು? ಎಲ್ಲರಿಗೂ ಆಫೀಸಿನವರ ಮೇಲೆ ತಾನೇ ಸಿಟ್ಟು ಬರಬೇಕು? ಇದನ್ನು ಹೇಳೋಕೆ ನಾಚಿಕೆಯಾಗಿ ಎರಡು ದಿನ ಬರೆಯಲೇ ಇಲ್ಲ. ಆಮೇಲೆ ಹೊಳೆಯಿತು. ಕತೆ ಓದುವಾಗ ತೇಜಸ್ವಿಯವರು ಪಕ್ಕದಲ್ಲೇ ನಿಂತು ಕಣ್ಣು ಮಿಟುಕಿಸಿದ ಹಾಗೆ ಇರುತ್ತದೆ, ಅಲ್ಲಲ್ಲಿ ನಕ್ಕಿದ್ದೆ, ನಗುತ್ತಾ ತಬರನನ್ನು ದೂರದಿಂದ ನೋಡಿದ್ದೆ. ಸಿನಿಮಾದಲ್ಲಿ ನಗೋಕೆ ಜಾಗವೇ ಇರಲಿಲ್ಲ, ಆ ಮುಖ ಅಷ್ಟು ಹತ್ತಿರ. ಹತ್ತಿರ ಬಂದಾಗ ನೋಡಿದರೆ ಅದು ನನ್ನದೇ ಮುಖ. ನಾನು ಮೊದಲು ಇದ್ದ ಒಂದು ತೋಟದಲ್ಲಿ ಮುಂಗಡದ ಲೆಕ್ಕದಲ್ಲಿ ನಾಲ್ಕು ಸಾವಿರ ಕಡಿಮೆ ಬಂದು, ನಾನು ಮುಟ್ಟದ ದುಡ್ಡನ್ನು ನನ್ನ ಸಂಬಳದಲ್ಲಿ ಹಿಡಿದುಕೊಂಡಿದ್ದರು. ಅವತ್ತು ನಾನು ಒಂದು ಮಾತೂ ಎದುರಾಡದೆ ರುಜು ಹಾಕಿ ಬಂದಿದ್ದೆ. ಸಿಟ್ಟು ಆ ರುಜುವಿನ ಮೇಲೆ. ಇದನ್ನು ಬರೆದ ಮೇಲೆ "ಮನಕಲಕುತ್ತದೆ" ಅನ್ನೋದರ ಮೇಲೆ ಒಂದು ಗೆರೆ ಎಳೆದೆ.

ಹಾಗಾಗಿ ಬರಹವನ್ನು ಕತೆಯ ಸಾರಾಂಶದಿಂದ ಶುರು ಮಾಡಬೇಡಿ. ಆ ಒಂದು ಚೀಟಿಯಿಂದ ಶುರು ಮಾಡಿ. ಕತೆ ಗೊತ್ತಿಲ್ಲದವರಿಗೆ ಎಷ್ಟು ಬೇಕೋ ಅಷ್ಟನ್ನು ನಡುವೆ ಎರಡು ಸಾಲಿನಲ್ಲಿ ಹೇಳಿದರೆ ಸಾಕು. ಅಭಿನಯ, ಛಾಯಾಗ್ರಹಣ, ಸಂಗೀತ ಅಂತ ಒಂದೊಂದಕ್ಕೂ ಒಂದೊಂದು ಪ್ಯಾರಾ ಹಂಚಬೇಕಾಗಿಲ್ಲ, ನಿಮಗೆ ಹೇಳೋಕೆ ಇಲ್ಲದ್ದನ್ನು ಬಿಟ್ಟುಬಿಡಿ. ಅಂಕ ಕೊಡೋದು, ನಕ್ಷತ್ರ ಕೊಡೋದು ಬೇಡವೇ ಬೇಡ. ಮೇಲೆ ತಾರೀಖು ಹಾಕಿ, ಆಗ ನಿಮಗೆ ಎಷ್ಟು ವಯಸ್ಸು ಅಂತಲೂ ಬರೆಯಿರಿ. ವಯಸ್ಸು ಯಾಕೆ ಅಂತ ದೊಡ್ಡಮ್ಮನ ಕತೆ ಹೇಳಿದರೆ ಗೊತ್ತಾಗುತ್ತದೆ.

ನಮ್ಮ ಕೊಡಗಿನವರೇ ಆದ ಭಾರತೀಸುತರ, ಅಂದರೆ ಎಸ್.ಆರ್. ನಾರಾಯಣರಾವ್ ಅವರ 'ಎಡಕಲ್ಲು ಗುಡ್ಡದ ಮೇಲೆ' ಪುಟ್ಟಣ್ಣನವರ ಕೈಗೆ ಸಿಕ್ಕಿ 1973ರಲ್ಲಿ ಸಿನಿಮಾ ಆಯಿತು. ಎಡಕಲ್ಲು ಇರೋದು ವಯನಾಡಿನಲ್ಲಿ, ನಮ್ಮ ಕುಟ್ಟ ದಾಟಿದರೆ ವಯನಾಡೇ. ಮಾಧವಿಯಾಗಿ ಜಯಂತಿ. ಗಂಡ ಸೈನ್ಯದಲ್ಲಿದ್ದವನು, ಯುದ್ಧದಿಂದ ಪೆಟ್ಟು ತಿಂದು ಬಂದವನು, ದಾಂಪತ್ಯ ಅಲ್ಲಿಗೆ ನಿಂತುಹೋಗಿದೆ, ಮಾಧವಿಯ ಮನಸ್ಸು ಇನ್ನೊಬ್ಬನ ಕಡೆ ವಾಲುತ್ತದೆ. ಆ ಕಾಲದಲ್ಲಿ ಇದು ಹೆಂಗಸರು ನೋಡೋ ಸಿನಿಮಾ ಅಲ್ಲ ಅಂತ ದೊಡ್ಡಮ್ಮನನ್ನು ಯಾರೂ ಕರೆದುಕೊಂಡು ಹೋಗಿರಲಿಲ್ಲ. ಅವರು ಹಟಕ್ಕೆ ಬಿದ್ದು ಕಾದಂಬರಿ ತರಿಸಿ ಓದಿದ್ದರು. ಎರಡು ವರ್ಷದ ಹಿಂದೆ ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ಮಳೆಯಲ್ಲಿ, ಮದ್ದು ಸೊಪ್ಪಿನ ಪಾಯಸ ತಿಂದು ಕೂತಿದ್ದಾಗ ಕರೆಂಟು ಬಂತು, ಫೋನಿನಲ್ಲಿ ಹಾಕಿ ತೋರಿಸಿದೆ. ಅಷ್ಟು ಚಿಕ್ಕ ಪರದೆಗೆ ಕನ್ನಡಕ ತಾಗಿಸಿಕೊಂಡು ಕೊನೆವರೆಗೂ ನೋಡಿದರು.

"ಹೇಗಿತ್ತು ದೊಡ್ಡಮ್ಮ?" ಅಂದೆ.

"ಓದುವಾಗ ನಾನು ಅವಳ ಜೊತೆಗಿದ್ದೆ ಕಣೋ. ಇವತ್ತು ಅವನ ಜೊತೆ ಕೂತುಬಿಟ್ಟೆ."

"ಯಾರ ಜೊತೆ?"

"ಗಂಡನ ಜೊತೆ. ನಿಮ್ಮ ದೊಡ್ಡಪ್ಪ ಎಪ್ಪತ್ತೊಂದರ ಯುದ್ಧ ಮುಗಿಸಿ ಬಂದು ಮೂರು ತಿಂಗಳು ಜಗಲಿಯಲ್ಲೇ ಮಲಗಿದ್ರು. ಯಾಕೆ ಅಂತ ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ."

ಕೊಡಗಿನಲ್ಲಿ ಮಿಲಿಟರಿಗೆ ಹೋದವರಿಲ್ಲದ ಮನೆ ಹುಡುಕೋದೇ ಕಷ್ಟ. ಹಾಗಿದ್ದೂ ಆ ಸಿನಿಮಾ ಬಗ್ಗೆ ನಾನು ಕೇಳಿದ ಮಾತೆಲ್ಲ ಮಾಧವಿ ಮಾಡಿದ್ದು ಸರಿಯೋ ತಪ್ಪೋ ಅನ್ನೋದರ ಸುತ್ತಲೇ ಇತ್ತು. ಗಂಡನ ಪಕ್ಕ ಕೂತವರನ್ನು ನಾನು ನೋಡಿದ್ದು ಅದೇ ಮೊದಲು. ದೊಡ್ಡಮ್ಮನನ್ನು ಆ ಕಡೆ ಕೂರಿಸಿದ್ದು ಪುಟ್ಟಣ್ಣನವರ ಕ್ಯಾಮೆರಾನೋ, ನಡುವೆ ಕಳೆದ ಐವತ್ತು ವರ್ಷವೋ? ಅವರನ್ನೇ ಕೇಳಿದೆ. "ಅದೆಲ್ಲ ನಂಗೊತ್ತಿಲ್ಲಪ್ಪ" ಅಂದರು. ಅವರು ಓದಿದಾಗ ಒಂದು ಸಾಲು ಬರೆದಿಟ್ಟಿದ್ದರೆ ನನಗೆ ಗೊತ್ತಾಗುತ್ತಿತ್ತು. ಅದಕ್ಕೇ ತಾರೀಖು, ವಯಸ್ಸು ಬರೆಯಿರಿ ಅಂದಿದ್ದು. ಮತ್ತೆ, ಒಬ್ಬರೇ ನೋಡಬೇಡಿ, ನಿಮಗಿಂತ ಇಪ್ಪತ್ತು ವರ್ಷ ದೊಡ್ಡವರೋ ಚಿಕ್ಕವರೋ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಹೇಳಿದ್ದನ್ನು ನಿಮ್ಮ ಬರಹಕ್ಕೆ ಸೇರಿಸೋದಾದರೆ ಕೇಳಿ ಸೇರಿಸಿ. ನಾನು ದೊಡ್ಡಮ್ಮನನ್ನು ಕೇಳಿದ್ದೇನೆ, ಜಗಲಿ ವಿಷಯ ಬರೆಯಬಹುದು ಅಂದರು, ಬೇರೆ ಒಂದೆರಡು ಬೇಡ ಅಂದರು, ಅವನ್ನು ಬರೆದಿಲ್ಲ.

ಬರೆದಿದ್ದನ್ನು ತಕ್ಷಣ ಯಾರಿಗೂ ಕಳಿಸಬೇಡಿ. ಒಂದು ವಾರ ಬಿಟ್ಟು ಓದಿ, ಬೇರೆಯವರ ಬಾಯಿಂದ ಬಂದ ಹಾಗೆ ಕೇಳೋ ಸಾಲುಗಳನ್ನು ಹೊಡೆದುಹಾಕಿ. ಅಕ್ಕನ ಮಗಳದ್ದರಲ್ಲಿ ಮೂರು ಪುಟ ಹೋಗಿ ಒಂದೂಕಾಲು ಉಳಿಯಿತು, ಕಾಲೇಜಿನಲ್ಲಿ ಇನ್ನೂ ಉದ್ದ ಇರಬೇಕಿತ್ತು ಅಂದರಂತೆ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಪುಸ್ತಕ ಎಲ್ಲಿಡಬೇಕು ಅನ್ನೋದೂ ಮುಖ್ಯ. ನಮ್ಮ ಮಳೆಗೆ ಕಾಗದ ಹಪ್ಪಳದ ಹಿಟ್ಟಿನ ಹಾಗೆ ಆಗುತ್ತದೆ, ಬೂಷ್ಟು ಹಿಡಿಯುತ್ತದೆ, ಇಂಕು ಪೆನ್ನಿನಲ್ಲಿ ಬರೆದರೆ ಹಾಳೆಯಿಂದ ಹಾಳೆಗೆ ಇಳಿಯುತ್ತದೆ. ಬಾಲ್‌ಪೆನ್ ಇಲ್ಲವೇ ಪೆನ್ಸಿಲ್. ಪುಸ್ತಕವನ್ನು ಒಲೆಯ ಮೇಲಿನ ಅಟ್ಟದಲ್ಲಿ, ಮೆಣಸಿನ ಚೀಲದ ಪಕ್ಕ ಇಡಿ. ನನ್ನದು ಅಲ್ಲೇ ಇದೆ, ತೆಗೆದರೆ ಹೊಗೆ ವಾಸನೆ. ದೊಡ್ಡಮ್ಮ ಈಗ ಭಾರತೀಸುತರದ್ದೇ 'ಬಯಲುದಾರಿ' ಓದುತ್ತಿದ್ದಾರೆ, ಅನಂತ್‌ನಾಗ್ ಇದ್ದಾರಂತೆ ಸಿನಿಮಾದಲ್ಲಿ, ತೋರಿಸು ಅಂತ ದಿನಾ ಒಂದೇ ವರಾತ. ಓದಿ ಮುಗಿಸಿ ಅರ್ಧ ಪುಟ ಬರೆದುಕೊಟ್ಟರೆ ಮಾತ್ರ ತೋರಿಸುತ್ತೇನೆ ಅಂದಿದ್ದೇನೆ. ಪೆನ್ಸಿಲ್ ಚೂಪು ಮಾಡಿ ಕೊಡು ಅಂದಿದ್ದಾರೆ.